ಪ್ರತಿಕ್ರಿಯೆ: ಪಿಡಿಎಫ್ ಚೆನ್ನಾಗಿದೆ, ಪ್ರಿಂಟ್ ಪ್ರೂಫ್ ಮಾತ್ರ ಕೆಟ್ಟಿದೆ

ನಿಮ್ಮ ಆಟದ ಪುಸ್ತಕ ಪಿಡಿಎಫ್‌ನಲ್ಲಿ ಚೆನ್ನಾಗಿದ್ದು, ಪ್ರೆಸ್‌ನ ಪ್ರೂಫ್‌ನಲ್ಲಿ (ಅಚ್ಚಿಗೆ ಮುಂಚಿನ ಮಾದರಿ ಪ್ರತಿ) ಕೆಟ್ಟಿದೆ ಅಂದಿದ್ದೀರಲ್ಲ, ಸ್ಕ್ರೀನಿಗೆ ಮಾಡಿದ ಪಿಡಿಎಫನ್ನೇ ಪ್ರೆಸ್‌ಗೂ ಕಳಿಸಿದ್ದೀರಿ ಅನ್ಸುತ್ತೆ. ನಕ್ಷೆಗಳು ಕಪ್ಪಾಗಿದ್ದು, ದಾಳ ಹಾಕಿ ನೋಡುವ ಟೇಬಲ್‌ಗಳ ಮೊದಲ ಕಾಲಂ ಬೈಂಡಿಂಗ್ ಒಳಗೆ ಹೋಗಿದ್ದು, ಎರಡಕ್ಕೂ ಅದೇ ಕಾರಣ. ನನ್ನ ಆಟದ ಪುಸ್ತಕದಲ್ಲೂ 1ರಿಂದ 6ರವರೆಗಿನ ಅಂಕಿಗಳನ್ನು ಓದೋಕೆ ಪುಟ ಬಲವಾಗಿ ಒತ್ತಿ ಹಿಡಿಯಬೇಕಿತ್ತು.

ಮೊದಲು ಲೇಔಟ್ ಫೈಲಿನ ಇನ್ನೊಂದು ಕಾಪಿ ಮಾಡಿ, ಅದು ಪ್ರೆಸ್‌ಗೆ ಮಾತ್ರ. ಅದರಲ್ಲಿ ಒಳ ಮಾರ್ಜಿನ್ 20 ಮಿ.ಮೀ.ಗೆ ಏರಿಸಿ. ಅಂಚಿನವರೆಗೆ ಹೋಗುವ ಚಿತ್ರಗಳಿಗೆ 3 ಮಿ.ಮೀ. ಬ್ಲೀಡ್ (ಪುಟ ಕತ್ತರಿಸುವ ಗೆರೆಯಾಚೆಗೂ ಚಾಚುವ ಭಾಗ) ಕೊಡಿ. ಮಾರ್ಜಿನ್ ಬದಲಾದರೆ ಸಾಲುಗಳು ಸರಿಯುತ್ತವೆ, ಹಾಗಾಗಿ ‘ಪುಟ 42 ನೋಡಿ’ ಅಂತ ಇರುವ ಕಡೆಯೆಲ್ಲ ಮತ್ತೆ ನೋಡಿ. ಆಟದ ನಡುವೆ ನಿಯಮ ಹುಡುಕುವವರಿಗೆ ಇದು ತಪ್ಪಿದರೆ ತುಂಬಾ ಕಷ್ಟ.

ಆಮೇಲೆ ಬಣ್ಣ. ಚಿತ್ರಗಳನ್ನು ಆರ್‌ಜಿಬಿಯಿಂದ (ಸ್ಕ್ರೀನಿನ ಬಣ್ಣ ಪದ್ಧತಿ) ಸಿಎಂವೈಕೆಗೆ (ಪ್ರೆಸ್‌ನ ನಾಲ್ಕು ಇಂಕುಗಳ ಪದ್ಧತಿ) ಬದಲಿಸಿ. ಒಟ್ಟು ಇಂಕ್ ಮಿತಿ (ಒಂದೇ ಜಾಗದಲ್ಲಿ ಬೀಳುವ ನಾಲ್ಕೂ ಇಂಕುಗಳ ಶೇಕಡಾ ಮೊತ್ತ) ಎಷ್ಟು ಅಂತ ಪ್ರೆಸ್‌ನವರನ್ನೇ ಕೇಳಿ, 240% ಅನ್ನುವವರೂ ಇದ್ದಾರೆ. ಅಕ್ಷರಗಳು ಬರೀ ಕಪ್ಪು ಇಂಕಿನಲ್ಲೇ ಇರಲಿ. ಇಷ್ಟಾದರೂ ಗುಹೆಯ ನಕ್ಷೆ ಕಪ್ಪಾಗಿಯೇ ಬರಬಹುದು. ಸ್ಕ್ರೀನಿಗೆ ಹಿಂದಿನಿಂದ ಬೆಳಕಿದೆ, ಕಾಗದಕ್ಕಿಲ್ಲ ಅಲ್ವಾ? ನೆರಳುಗಳನ್ನು ಸ್ವಲ್ಪ ತಿಳಿ ಮಾಡಿ. ಎಷ್ಟು ಅನ್ನೋದು ಕಾಗದದ ಮೇಲೆ ನಿಂತಿದೆ, ಇನ್ನೊಂದು ಪ್ರೂಫ್ ನೋಡದೆ ಹೇಳೋಕಾಗಲ್ಲ.

ಆ ಪ್ರೂಫ್ ಬರುವವರೆಗೆ 500 ಕಾಪಿಯ ಆರ್ಡರ್ ದಯವಿಟ್ಟು ತಡೆಹಿಡಿಯಿರಿ. ಪಿಡಿಎಫ್ ಮಾರಾಟ ಈಗಲೇ ಶುರು ಮಾಡಿ. ಆಡಿದವರು ತೋರಿಸುವ ತಪ್ಪುಗಳನ್ನು ಎರಡೂ ಫೈಲಲ್ಲಿ ತಿದ್ದಿ, ಆಮೇಲೆ ಪ್ರಿಂಟಿಗೆ ಕೊಡಿ.