ಯಾವ ಅರ್ಜಿ ಯಾವ ಟೇಬಲ್ಲಿಗೆ?

ಮನೆ, ದವಾಖಾನೆ, ಬಡಾವಣೆ. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಇವೇ ಹೆಚ್ಚು. ಓದುಗರು ಕೇಳಿರುವುದೆಲ್ಲ ನ್ಯಾಯವಾದದ್ದೇ. ಆದರೆ ಎಷ್ಟೋ ಅರ್ಜಿಗಳು ಅಧಿಕಾರವೇ ಇಲ್ಲದ ಕಚೇರಿಗೆ ಹೋಗಿವೆ. ಇನ್ನು ಕೆಲವು ಒಂದೇ ಹಾಳೆಯಲ್ಲಿ ಐದಾರು ದೂರು ತುಂಬಿಕೊಂಡು, ಯಾರೂ ಉತ್ತರ ಕೊಡಬೇಕಾಗದ ಹಾಗೆ ಆಗಿವೆ. ಆದ್ದರಿಂದ ಪ್ರತಿ ಉತ್ತರದಲ್ಲೂ ಹೊಣೆ ಯಾರದು ಎಂಬುದನ್ನು ಬಿಡಿಸಿ ಹೇಳಿದ್ದೇವೆ.

ಪ್ರಶ್ನೆ: ಹೊಲದಾಗ ಹಾಕಿದ ಪ್ಲಾಟ್ ನೋಂದಣಿ ಮಾಡಿಸಿ ತಗೊಂಡು ಹತ್ತು ವರ್ಷ ಆತು. ಎನ್‌ಎ (ಭೂಪರಿವರ್ತನೆ) ಆಗಿಲ್ಲ, ಲೇಔಟ್ ಮಂಜೂರಿನೂ ಇಲ್ಲ. ಬಿ-ಖಾತಾ ಮಾಡಿಸಿದ್ರ ಮನಿ ಕಟ್ಟಾಕ ಪರವಾನಗಿ, ಬ್ಯಾಂಕ್ ಸಾಲ ಸಿಗತಾವೇನ್ರೀ? (ಕೊಪ್ಪಳ)

ಬಿ-ಖಾತಾ ಎಂದರೆ ಮಂಜೂರಾತಿ ಇಲ್ಲದ ಆಸ್ತಿಗೆ ಕೊಡುವ ಖಾತಾ. ಅದು ಆದ ಮಾತ್ರಕ್ಕೆ ಪ್ಲಾಟ್ ಸಕ್ರಮವಾಗುವುದಿಲ್ಲ. ಆಸ್ತಿ ನಗರಸಭೆಯ ದಾಖಲೆಗೆ ಸೇರುತ್ತದೆ, ತೆರಿಗೆ ಕಟ್ಟಬಹುದು, ಖಾತಾ ಗಣಕೀಕೃತ (ಇ-ಖಾತಾ) ಆಗಿರುವುದರಿಂದ ಮುಂದೆ ಮಾರುವಾಗ ಉಪನೋಂದಣಿ ಕಚೇರಿಯಲ್ಲಿ ತಡೆ ಇರುವುದಿಲ್ಲ. ಸಿಗುವುದು ಇಷ್ಟೇ. ಕಟ್ಟಡ ಪರವಾನಗಿಗೆ ಭೂಪರಿವರ್ತನೆ ಮತ್ತು ಯೋಜನಾ ಪ್ರಾಧಿಕಾರದ ವಿನ್ಯಾಸ ಮಂಜೂರಾತಿ ಬೇಕೇ ಬೇಕು. ಪರಿವರ್ತನೆ ಜಿಲ್ಲಾಧಿಕಾರಿಗಳ ಕೈಯಲ್ಲಿದೆ (ಭೂಕಂದಾಯ ಕಾಯ್ದೆ, ಕಲಂ 95). ಮಂಜೂರಾತಿ ಕೊಡುವುದು ಪ್ರಾಧಿಕಾರ. ಎರಡೂ ನಗರಸಭೆಯ ಕೈಯಲ್ಲಿಲ್ಲ. 'ಬಿ-ಖಾತಾ ಇದೆ, ಸಾಲ ಗ್ಯಾರಂಟಿ' ಎಂದು ಹೇಳಿ ಪ್ಲಾಟ್ ಮಾರುವ ದಲ್ಲಾಳಿಯ ಮಾತು ನಂಬಿ ಮುಂಗಡ ಕೊಡಬೇಡಿ.

2025ರ ಫೆಬ್ರುವರಿಯಲ್ಲಿ ಸರ್ಕಾರ ಶುರು ಮಾಡಿದ ಬಿ-ಖಾತಾ ಅಭಿಯಾನ 2024ರ ಸೆಪ್ಟೆಂಬರ್ 10ಕ್ಕೆ ಮೊದಲು ನೋಂದಣಿಯಾದ ಆಸ್ತಿಗಳಿಗೆ. ಮೊದಲ ಸಲ ತೆರಿಗೆ ಎರಡು ಪಟ್ಟು, ಆಮೇಲೆ ಮಾಮೂಲಿನಂತೆ. ನೋಂದಾಯಿತ ಕ್ರಯಪತ್ರ, ಋಣಭಾರ ಪತ್ರ, ಹಿಂದೆ ಕಟ್ಟಿದ್ದರೆ ತೆರಿಗೆ ರಸೀದಿ, ಮಾಲೀಕರ ಗುರುತಿನ ಚೀಟಿ ಮತ್ತು ಫೋಟೊ, ಆಸ್ತಿಯ ಫೋಟೊ ಬೇಕು. ಬರೀ ಬಾಂಡ್ ಪೇಪರಿನ ಕರಾರು ನಡೆಯುವುದಿಲ್ಲ. ಸರ್ಕಾರಿ ಜಾಗ, ಉದ್ಯಾನಕ್ಕೆ ಬಿಟ್ಟ ಜಾಗಕ್ಕೆ ಯಾವ ಖಾತಾವೂ ಆಗದು.

ಅರ್ಜಿ ವಾಪಸಾಗುವುದು ಹೆಚ್ಚಾಗಿ ಚಕ್ಕುಬಂದಿಯಿಂದ. ಕ್ರಯಪತ್ರದಲ್ಲಿ 'ಪೂರ್ವಕ್ಕೆ ರಸ್ತೆ' ಎಂದಿದ್ದು ಸ್ಥಳದಲ್ಲಿ ಇನ್ನೊಬ್ಬರ ಪ್ಲಾಟ್ ಇದ್ದರೆ ಕಂದಾಯ ನಿರೀಕ್ಷಕರು ಸಹಿ ಹಾಕುವುದಿಲ್ಲ. ಮೊದಲು ಟೇಪ್ ಹಿಡಿದು ನಾಲ್ಕೂ ಬದಿ ಅಳೆದು ಪತ್ರದೊಂದಿಗೆ ತಾಳೆ ನೋಡಿ. ತಪ್ಪು ಪತ್ರದಲ್ಲಿದ್ದರೆ ಮಾರಿದವರಿಂದ ತಿದ್ದುಪಡಿ ಪತ್ರ ನೋಂದಣಿ ಮಾಡಿಸಿಕೊಂಡ ಮೇಲೆ ಅರ್ಜಿ ಕೊಡಿ. ಮಾರಿದವರು ತೀರಿಕೊಂಡರೆ ಅವರ ವಾರಸುದಾರರೆಲ್ಲರ ಸಹಿ ಬೇಕಾಗುತ್ತದೆ, ಅದಕ್ಕೇ ಈ ಕೆಲಸ ತಡಮಾಡಬಾರದು.

ಪ್ರಶ್ನೆ: ಮಾವನವರ ಹೆಸರಿಗೆ ಹಿಂದೆ ಆಶ್ರಯ ಮನೆ ಬಂದಿತ್ತು. ಅದೇ ಕಾರಣ ಹೇಳಿ ನಮ್ಮ ಪ್ರಧಾನಮಂತ್ರಿ ಆವಾಸ್ ಅರ್ಜಿ ತಿರಸ್ಕರಿಸಿದ್ದಾರೆ. ಇದು ಸರಿಯೇ? (ಸಿಂಧನೂರು)

ಅದೊಂದೇ ಕಾರಣವಾದರೆ ಸರಿಯಲ್ಲ. ಈ ಯೋಜನೆಯಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಮದುವೆಯಾದ ಮಗನದು ಬೇರೆ ಕುಟುಂಬ. ನಿಮ್ಮಿಬ್ಬರ ಅಥವಾ ಮದುವೆಯಾಗದ ಮಕ್ಕಳ ಹೆಸರಿನಲ್ಲಿ ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು, ಕಳೆದ 20 ವರ್ಷದಲ್ಲಿ ಯಾವುದೇ ಸರ್ಕಾರಿ ವಸತಿ ಯೋಜನೆಯ ಲಾಭ ಪಡೆದಿರಬಾರದು. ಆರ್ಥಿಕವಾಗಿ ದುರ್ಬಲ ವರ್ಗಕ್ಕೆ (ಇಡಬ್ಲ್ಯುಎಸ್) ವರ್ಷದ ಆದಾಯ 3 ಲಕ್ಷ ರೂಪಾಯಿ ಮೀರಬಾರದು. ಆದರೆ ಮಾವನವರೂ ನೀವೂ ಒಂದೇ ಪಡಿತರ ಚೀಟಿಯಲ್ಲಿದ್ದರೆ ಪರಿಶೀಲಿಸುವವರು ಒಂದೇ ಕುಟುಂಬವೆಂದು ತಿಳಿಯುತ್ತಾರೆ. ತಕರಾರು ಹುಟ್ಟುವುದು ಇಲ್ಲಿಯೇ. ತಿರಸ್ಕಾರದ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಚೀಟಿ ಬೇರೆ ಮಾಡಿಸಿ, ಮದುವೆ ದಾಖಲೆ ಸೇರಿಸಿ ಪೌರಾಯುಕ್ತರಿಗೆ ಮರುಪರಿಶೀಲನೆ ಅರ್ಜಿ ಕೊಡಿ. ನಿವೇಶನವೇ ಇಲ್ಲದೆ ಆಶ್ರಯ ನಿವೇಶನ ಕೇಳುವುದಾದರೆ ಅದನ್ನು ತೀರ್ಮಾನಿಸುವುದು ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ, ವಾರ್ಡ್ ಸದಸ್ಯರಲ್ಲ.

ಮಂಜೂರಾದ ಮೇಲೂ ಎಚ್ಚರ ಬೇಕು. ಕಾಮಗಾರಿ ಆದೇಶ ಕೈಗೆ ಬರುವ ಮೊದಲು ಪಾಯ ತೋಡಬೇಡಿ. ಹಣ ಬಿಡುಗಡೆ ಹಂತ ಹಂತವಾಗಿ, ಪಾಯ, ಲಿಂಟಲ್, ಛಾವಣಿ, ಪೂರ್ಣ ಎಂದು ಜಿಪಿಎಸ್ ಫೋಟೊ ತೆಗೆದ ಮೇಲೆಯೇ. ಖಾಲಿ ಜಾಗದ ಫೋಟೊ ಇಲ್ಲದೆ ಗೋಡೆ ಎದ್ದುಬಿಟ್ಟರೆ ಮೊದಲ ಕಂತೇ ನಿಲ್ಲುತ್ತದೆ. ಮಂಜೂರಾದ ಜಾಗ ಬಿಟ್ಟು ಪಕ್ಕದ ಜಾಗದಲ್ಲಿ ಕಟ್ಟಿದರೂ ಹಾಗೆಯೇ. ಮನೆಯ ಕಾರ್ಪೆಟ್ ವಿಸ್ತೀರ್ಣ 30ರಿಂದ 45 ಚದರ ಮೀಟರ್ ಒಳಗಿರಬೇಕು, ಅಂದರೆ ಸುಮಾರು 323ರಿಂದ 484 ಚದರ ಅಡಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರುವುದನ್ನು ಬ್ಯಾಂಕಿನಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ. ಎರಡು ಖಾತೆ ಇದ್ದವರ ಹಣ ಕೊನೆಗೆ ಜೋಡಿಸಿದ ಖಾತೆಗೆ ಹೋಗುತ್ತದೆ, ಅವರು ಇನ್ನೊಂದರಲ್ಲಿ ಹುಡುಕುತ್ತಿರುತ್ತಾರೆ.

ಪ್ರಶ್ನೆ: ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನಳದ ನೀರು. ಮೊದಲು ಹೊಲಸು ವಾಸನೆ ಬರ್ತದ. ಜ್ವರ ಬಿಟ್ಟಿಲ್ಲ. ನಮ್ಮ ಕ್ಲಿನಿಕ್ ಸಂಜಿಗೆ ಮುಚ್ಚಿರ್ತದ. ಪಾಲಿಕೆಗೆ ಹೋದ್ರ ಫಾಗಿಂಗ್ ಮಾಡಿಸ್ತೀವಿ ಅಂತ ಅಂದು ಕಳಿಸ್ತಾರ. (ರಾಯಚೂರು)

ಈ ಪತ್ರದಲ್ಲಿ ನೀರು, ಸೊಳ್ಳೆ, ಕ್ಲಿನಿಕ್ ಎಂದು ಮೂರು ಬೇರೆ ಬೇರೆ ಕೆಲಸಗಳಿವೆ, ಮೂರು ಅರ್ಜಿ ಬೇಕು.

ನೀರು ಪಾಲಿಕೆಯದು, ಇದನ್ನೇ ಮೊದಲು ಹಿಡಿಯಿರಿ. ನೀರು ಬಿಡುವುದನ್ನು ನಿಲ್ಲಿಸಿದಾಗ ಪೈಪಿನೊಳಗೆ ಒತ್ತಡ ಇಳಿಯುತ್ತದೆ, ಸಡಿಲವಾದ ಜೋಡಣೆಗಳಿಂದ ಪಕ್ಕದ ಚರಂಡಿಯ ನೀರು ಒಳಕ್ಕೆ ಎಳೆದುಕೊಳ್ಳುತ್ತದೆ. ಮುಂದಿನ ಸಲ ನಳ ಬಂದಾಗ ಮೊದಲು ಬರುವುದು ಆ ನೀರೇ. ನಳಕ್ಕೆ ನೇರವಾಗಿ ಮೋಟಾರ್ ಹಚ್ಚಿ ಎಳೆಯುವ ಮನೆಗಳಿದ್ದರೆ ಒತ್ತಡ ಇನ್ನೂ ಇಳಿದು ಹೊಲಸು ಹೆಚ್ಚುತ್ತದೆ. ಓಣಿಯವರೇ ಕೂತು ಮಾತಾಡಿ ಇದನ್ನು ನಿಲ್ಲಿಸಬೇಕು. ಅರ್ಜಿಯಲ್ಲಿ 'ನೀರು ಕೆಟ್ಟಿದೆ' ಎಂದಷ್ಟೇ ಬರೆದರೆ ಸಾಲದು. 'ಪೈಪ್‌ಲೈನಿನ ಕಟ್ಟಕಡೆಯ ಮನೆಯ ನಳದಲ್ಲಿ ಉಳಿಕೆ ಕ್ಲೋರಿನ್ ಪರೀಕ್ಷೆ ಮಾಡಿ ವರದಿಯ ಪ್ರತಿ ಕೊಡಿ' ಎಂದು ಬರೆಯಿರಿ. ನಳದ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ನೀರನ್ನು ಎರಡು ಮೂರು ನಿಮಿಷ ಹರಿಯಬಿಟ್ಟು ಟ್ಯೂಬಿಗೆ ಹಿಡಿದು ದ್ರಾವಣದ ಹನಿ ಹಾಕುತ್ತಾರೆ. ಹಳದಿ ಬಣ್ಣ ಬಂದರೆ ಕ್ಲೋರಿನ್ ಇದೆ, ಬಣ್ಣವೇ ಬರದಿದ್ದರೆ ಇಲ್ಲ. ಟ್ಯಾಂಕಿನ ಹತ್ತಿರದ ಮನೆಯಲ್ಲಿ ಮಾಡಿದ ಪರೀಕ್ಷೆಯನ್ನು ಒಪ್ಪಬೇಡಿ. ಅಲ್ಲಿ ಕ್ಲೋರಿನ್ ಇದ್ದೇ ಇರುತ್ತದೆ. 2022ರ ಬೇಸಿಗೆಯಲ್ಲಿ ಇದೇ ರಾಯಚೂರಿನಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಿದ್ದಾರೆ. ಪರೀಕ್ಷೆ ಕೇಳುವುದಕ್ಕೆ ಯಾರೂ ಹಿಂಜರಿಯಬೇಕಿಲ್ಲ.

ಸೊಳ್ಳೆಯ ವಿಷಯಕ್ಕೆ ಬಂದರೆ, ಫಾಗಿಂಗ್ ಹೊಗೆ ಹಾರುವ ಸೊಳ್ಳೆಯನ್ನು ಮಾತ್ರ ಕೊಲ್ಲುತ್ತದೆ, ನೀರಿನಲ್ಲಿರುವ ಮರಿಹುಳುವನ್ನಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವವರೆಗೆ ಸುಮಾರು 7ರಿಂದ 10 ದಿನ ತೆಗೆದುಕೊಳ್ಳುತ್ತದೆ. ಎಂಟು ದಿನಕ್ಕೊಮ್ಮೆ ನೀರು ಬರುವ ಓಣಿಯಲ್ಲಿ ಡ್ರಮ್ಮು, ಸಂಪು ಯಾವಾಗಲೂ ತುಂಬಿಯೇ ಇರುತ್ತವೆ. ಹಾಗಾಗಿ ಜ್ವರಕ್ಕೂ ನೀರಿನ ಸರದಿಗೂ ನೇರ ಸಂಬಂಧವಿದೆ, ಇದನ್ನು ಅರ್ಜಿಯಲ್ಲೇ ಬರೆದು ಸರದಿಯ ಅಂತರ ಕಡಿಮೆ ಮಾಡಲು ಕೇಳಿ. ಮನೆಯಲ್ಲಿ ನೀರು ಬರುವ ಹಿಂದಿನ ದಿನ ಡ್ರಮ್ಮು ಖಾಲಿ ಮಾಡಿ ಒಳಗೋಡೆ ತಿಕ್ಕಿ ತೊಳೆಯಿರಿ. ಬರೀ ನೀರು ಚೆಲ್ಲಿದರೆ ಆಗದು, ಮೊಟ್ಟೆ ನೀರಿನ ಮಟ್ಟದ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ತುಂಬಿದ ಮೇಲೆ ದಪ್ಪ ಬಟ್ಟೆ ಬಿಗಿದು ಕಟ್ಟಿ. ಖಾಲಿ ಮಾಡಲಾಗದ ಸಂಪಿಗೆ ಆರೋಗ್ಯ ಇಲಾಖೆಯವರು ಗಪ್ಪಿ ಅಥವಾ ಗ್ಯಾಂಬೂಸಿಯಾ ಮೀನು ಕೊಡುತ್ತಾರೆ. ಅರ್ಧಕ್ಕೆ ನಿಂತ ಕಟ್ಟಡದಲ್ಲಿ ನೀರು ನಿಂತಿದ್ದರೆ ವಿಳಾಸ ಸಮೇತ ಪಾಲಿಕೆಗೆ ದೂರು ಕೊಡಿ. 2024ರ ಡೆಂಗಿ ನಿಯಮದಂತೆ ನಗರದಲ್ಲಿ ಅಂಥ ಜಾಗದ ಮಾಲೀಕರಿಗೆ 2,000 ರೂಪಾಯಿ ದಂಡವಿದೆ.

'ನಮ್ಮ ಕ್ಲಿನಿಕ್' ಎಂಬ ಸರ್ಕಾರಿ ದವಾಖಾನೆಯ ವೈದ್ಯರು, ಸಮಯ, ಔಷಧ ಆರೋಗ್ಯ ಇಲಾಖೆಗೆ ಸೇರಿದ್ದು. ಅದರ ಸಮಯವೇ ಬೆಳಿಗ್ಗೆ 9ರಿಂದ ಸಂಜೆ 4.30. ಕೂಲಿ ಮುಗಿಸಿ ಬರುವವರಿಗೆ ಇದರಿಂದ ಪ್ರಯೋಜನವಿಲ್ಲ ಎಂಬುದು ನಿಜವಾದ ಕೊರತೆ. ಸಂಜೆ ಪಾಳಿ ಬೇಕೆಂದು ಜಿಲ್ಲಾ ಆರೋಗ್ಯ ಅಧಿಕಾರಿಗಳಿಗೆ ಬರೆಯಿರಿ. ಎಷ್ಟು ಮನೆಗಳವರು ದುಡಿಯಲು ಹೋಗುತ್ತಾರೆಂಬ ಪಟ್ಟಿಯನ್ನು ಆಶಾ ಕಾರ್ಯಕರ್ತೆ, ಮಹಿಳಾ ಆರೋಗ್ಯ ಸಮಿತಿಯವರ ಸಹಿಯೊಂದಿಗೆ ಲಗತ್ತಿಸಿದರೆ ಅರ್ಜಿಗೆ ಬಲ ಬರುತ್ತದೆ.

ಪ್ರಶ್ನೆ: ಲೇಔಟ್ ನಕ್ಷೆಯಲ್ಲಿ ಉದ್ಯಾನ ಎಂದಿದ್ದ ಜಾಗದಲ್ಲಿ ಈಗ ಪಾಯ ತೋಡುತ್ತಿದ್ದಾರೆ. (ಬಳ್ಳಾರಿ)

ಇಂದೇ ದಿನಾಂಕ ಕಾಣುವ ಹಾಗೆ ಫೋಟೊ ತೆಗೆಯಿರಿ. ಮಾರಾಟಗಾರರು ಕೊಟ್ಟ ಬಣ್ಣದ ನಕ್ಷೆ ಸಾಕ್ಷಿಯಾಗುವುದಿಲ್ಲ. ನಗರಾಭಿವೃದ್ಧಿ ಪ್ರಾಧಿಕಾರದಿಂದ ಮಂಜೂರಾದ ವಿನ್ಯಾಸ ನಕ್ಷೆಯ ದೃಢೀಕೃತ ಪ್ರತಿ, ಉದ್ಯಾನ ಮತ್ತು ರಸ್ತೆ ಬಿಟ್ಟುಕೊಟ್ಟ ಹಸ್ತಾಂತರ ಪತ್ರ ಪಡೆಯಿರಿ. ಆ ಸರ್ವೆ ನಂಬರಿನ ಋಣಭಾರ ಪತ್ರ ತೆಗೆಸಿದರೆ ಉದ್ಯಾನದ ಜಾಗವನ್ನು ಯಾರು ಯಾರಿಗೆ ಮಾರಿದರೆಂಬುದು ಬಯಲಾಗುತ್ತದೆ. ಮೂರನ್ನೂ ಲಗತ್ತಿಸಿ ಪ್ರಾಧಿಕಾರದ ಆಯುಕ್ತರು, ಪಾಲಿಕೆ ಆಯುಕ್ತರು ಇಬ್ಬರಿಗೂ ದೂರು ಕೊಡಿ. 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗ ಸಂರಕ್ಷಣಾ ಕಾಯ್ದೆಯನ್ನು ಹೆಸರಿಸಿ. ಲೇಔಟ್ 500 ಚದರ ಮೀಟರಿಗಿಂತ ದೊಡ್ಡದಿದ್ದು 2017ರ ನಂತರ ಮಾರಾಟಕ್ಕೆ ಬಂದಿದ್ದರೆ ರೇರಾದಲ್ಲೂ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ದೂರು ಹಾಕಬಹುದು. ಸ್ಲ್ಯಾಬ್ ಬಿದ್ದು ಕುಟುಂಬ ವಾಸಕ್ಕೆ ಬಂದ ಮೇಲೆ ತೆರವು ಬಹಳ ಕಷ್ಟ, ಆದ್ದರಿಂದ ಪಾಯದ ಹಂತದಲ್ಲೇ ಓಡಾಡಿ.

ಪ್ರಶ್ನೆ: ನಗರಸಭೆಯ ಚುನಾಯಿತ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಇದ್ದಾಗ ಯಾರನ್ನು ಕೇಳುವುದು? (ಗಂಗಾವತಿ)

ಆಡಳಿತಾಧಿಕಾರಿಯನ್ನೇ. ಸಭೆಯ ಅಧಿಕಾರವೆಲ್ಲ ಆಗ ಅವರಲ್ಲಿರುತ್ತದೆ. ಆಯವ್ಯಯ ಪೂರ್ವಭಾವಿ ಸಭೆ ಕರೆದಾಗ ತಪ್ಪದೆ ಹೋಗಿ. ಮುಂದಿನ ವರ್ಷ ಯಾವ ಓಣಿಗೆ ಚರಂಡಿ ಎಂಬುದು ಬಹುಮಟ್ಟಿಗೆ ಅಲ್ಲಿಯೇ ಗೊತ್ತಾಗುತ್ತದೆ. ಪರಿಶಿಷ್ಟರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5ರ ಮೀಸಲು ಹಣ ಹಿಂದಿನ ವರ್ಷ ಯಾವುದಕ್ಕೆ ಖರ್ಚಾಯಿತೆಂದು ಬರಹದಲ್ಲಿ ಕೇಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಪ್ರಶ್ನೆ: ಮರಣ ಪತ್ರಕ್ಕೆ ಅರ್ಜಿ ಕೊಟ್ಟು ತಿಂಗಳಾಯಿತು. (ಮಾನ್ವಿ)

ಸ್ವೀಕೃತಿಯಲ್ಲಿ 15 ಅಂಕಿಯ ಸಕಾಲ (ಗೊತ್ತಾದ ಅವಧಿಯಲ್ಲಿ ಸೇವೆ ಕೊಡಬೇಕೆನ್ನುವ ಕಾಯ್ದೆ) ಸಂಖ್ಯೆ ಇದೆಯೇ ನೋಡಿ. ಇಲ್ಲದಿದ್ದರೆ ನಿಮ್ಮ ಅರ್ಜಿ ಲೆಕ್ಕಕ್ಕೇ ಬಂದಿಲ್ಲ, ಹೊಸದಾಗಿ ಕೊಟ್ಟು ಸಂಖ್ಯೆ ಕೇಳಿ ಪಡೆಯಿರಿ. ಇದ್ದು ಅವಧಿ ಮೀರಿದ್ದರೆ ಆ ಸಂಖ್ಯೆ ಹಾಕಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಿ. ತಡವಾದ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವಿದೆ. ಅದು ತಪ್ಪು ಮಾಡಿದ ಅಧಿಕಾರಿಯ ಸಂಬಳದಿಂದ ವಸೂಲಾಗುತ್ತದೆ. ಆದರೆ ನೀವು ಕೇಳಿದರೆ ಮಾತ್ರ, ಆದ್ದರಿಂದ ಮೇಲ್ಮನವಿಯಲ್ಲೇ ಪರಿಹಾರವನ್ನೂ ಬರೆಯಿರಿ.