ತ್ರಿಕೋನದೊಳಗೆ ಮಂಚ ಎಲ್ಲಿ ಹಾಕೋದು?

ಈ ಸಲ ಬಂದ ಪ್ರಶ್ನೆಗಳಲ್ಲಿ ಐದು ಸ್ಪೇಸ್ ಫ್ರೇಮ್, ಅಂದ್ರೆ ಪೈಪುಗಳನ್ನ ಗುಂಡುಗಳಿಗೆ ಜೋಡಿಸಿ ತ್ರಿಕೋನ ತ್ರಿಕೋನವಾಗಿ ಕಟ್ಟೋ ಚೌಕಟ್ಟಿನ ಬಗ್ಗೆನೇ ಇದ್ವು. ಅದಕ್ಕೇ ಬೇರೆಯದನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿ ಇದೊಂದನ್ನೇ ಹಿಡ್ಕೊಂಡು ಕೂತಿದೀನಿ.

ಪ್ರಶ್ನೆ: ಏರ್‌ಪೋರ್ಟು, ಸ್ಟೇಡಿಯಂ ಛಾವಣಿ ನೋಡಿ, ಒಂದು ಕಬ್ಬಿಣದ ಗುಂಡು, ಅದಕ್ಕೆ ಎಲ್ಲಾ ಕಡೆಯಿಂದ ಪೈಪು, ಮತ್ತೆ ಗುಂಡು ಮತ್ತೆ ಪೈಪು, ಅಷ್ಟೇ. ಅದೇ ಗುಂಡು ಅದೇ ಪೈಪಲ್ಲಿ ಮನೆ ಯಾಕೆ ಕಟ್ಟಲ್ಲ? ಬೇಕಾದಾಗ ಒಂದು ರೂಮ್ ಸೇರಿಸ್ಕೊಳ್ಳೋದು, ಬೇಡ ಅಂದ್ರೆ ಬಿಚ್ಚಿಡೋದು.

ಈ ಆಸೆ ನಿಮ್ಮೊಬ್ಬರದೇ ಅಲ್ಲ. ಯೋನಾ ಫ್ರೀಡ್‌ಮನ್ ಅನ್ನೋ ವಾಸ್ತುಶಿಲ್ಪಿ 1950ರ ದಶಕದ ಕೊನೆಯಲ್ಲೇ ಇಡೀ ಊರನ್ನೇ ಹೀಗೆ ಕಲ್ಪಿಸ್ಕೊಂಡಿದ್ರು. ಕಂಬಗಳ ಮೇಲೆ ಎತ್ತರದಲ್ಲಿ ದೊಡ್ಡ ಸ್ಪೇಸ್ ಫ್ರೇಮ್, ಅದರ ಖಾಲಿ ಜಾಗಗಳಲ್ಲಿ ಜನ ತಮಗೆ ಬೇಕಾದ ಹಾಗೆ ಮನೆ ಮಾಡ್ಕೊಳ್ಳೋದು. ಅದು ಕಾಗದದ ಮೇಲೇ ಉಳೀತು.

ಯಾಕೆ ಅಂತ ಗೊತ್ತಾಗ್ಬೇಕಾದ್ರೆ ಸ್ವಲ್ಪ ಸ್ಟ್ರಾ ಮತ್ತೆ ದಾರ ತಗೊಳಿ. ಸ್ಟ್ರಾ ಒಳಗೆ ದಾರ ತೂರಿಸಿ ತುದಿಗಳನ್ನ ಗಂಟು ಹಾಕ್ತಾ ಹನ್ನೆರಡು ಸ್ಟ್ರಾದಲ್ಲಿ ಒಂದು ಘನ ಮಾಡಿ, ನಿಲ್ಲಿಸೋಕೆ ಹೋಗಿ. ನಿಲ್ಲಲ್ಲ, ಮಡಚಿದ ಛತ್ರಿ ಥರ ಕುಸಿದು ಕೈಗೆ ಬರುತ್ತೆ. ಈಗ ಆರು ಸ್ಟ್ರಾದಲ್ಲಿ ತ್ರಿಕೋನ ತಳದ, ಒಟ್ಟು ನಾಲ್ಕು ಮೂಲೆಯ ಪಿರಮಿಡ್ ಮಾಡಿ, ಗಂಟು ಎಷ್ಟೇ ಸಡಿಲ ಇದ್ರೂ ನಿಂತ್ಕೊಳ್ಳುತ್ತೆ. ಇದರ ಲೆಕ್ಕವನ್ನ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1864ರಲ್ಲೇ ಕೊಟ್ಟಿದಾರೆ. ಗಂಟುಗಳ ಸಂಖ್ಯೆಯನ್ನ ಮೂರರಿಂದ ಗುಣಿಸಿ ಆರು ಕಳೀರಿ, ಕಡೇಪಕ್ಷ ಅಷ್ಟು ಕಡ್ಡಿ ಬೇಕು. ಪಿರಮಿಡ್ಡಿಗೆ 4 ಗಂಟು, 6 ಕಡ್ಡಿ, ಸರಿಯಾಯ್ತು. ಘನಕ್ಕೆ 8 ಗಂಟು, ಅಂದ್ರೆ 18 ಕಡ್ಡಿ ಬೇಕು, ಇರೋದು 12. ಬಾಕಿ ಆರು ಎಲ್ಲಿ ಹಾಕ್ತೀರಿ? ಒಂದೊಂದು ಮುಖಕ್ಕೆ ಒಂದೊಂದು ಓರೆ ಕಡ್ಡಿ, ಅಂದ್ರೆ ನಾಲ್ಕು ಗೋಡೆಗೂ, ನೆಲಕ್ಕೂ, ತಾರಸಿಗೂ. ಬಾಗಿಲು ಎಲ್ಲಿಡಬೇಕು ಅಂತಿದ್ರೋ ಸರಿಯಾಗಿ ಅಲ್ಲೇ ಅಡ್ಡಡ್ಡ ಒಂದು ಪೈಪ್ ಬಂದು ಕೂರುತ್ತೆ.

ಜಗಳ ಇರೋದೇ ಇಲ್ಲಿ. ಮನುಷ್ಯನಿಗೆ ಮಲಗೋಕೆ, ಬೀರು ಇಡೋಕೆ ಚೌಕ ಬೇಕು, ಕಡ್ಡಿಗೆ ನಿಲ್ಲೋಕೆ ತ್ರಿಕೋನ ಬೇಕು. ಛಾವಣಿ ಒಳಗೆ ಯಾರೂ ಓಡಾಡಲ್ಲ, ಅದಕ್ಕೇ ಅಲ್ಲಿ ಈ ಜಗಳ ಕಾಣಿಸ್ಕೊಳ್ಳಲ್ಲ.

ಇನ್ನೊಂದು ಲೆಕ್ಕನೂ ನೋಡಿಬಿಡಿ. ಮಾಮೂಲಿ ಎರಡು ಪದರದ ಫ್ರೇಮಲ್ಲಿ ಮೇಲೊಂದು ಚೌಕಗಳ ಜಾಲ, ಕೆಳಗೆ ಅರ್ಧ ಸರಿದು ಕೂತ ಇನ್ನೊಂದು ಜಾಲ, ಮಧ್ಯೆ ಓರೆ ಪೈಪು. ಎಲ್ಲ ಪೈಪೂ ಒಂದೇ ಉದ್ದ ಇರಲಿ ಅಂದ್ರೆ ಓರೆ ಪೈಪು 45 ಡಿಗ್ರಿಲಿ ನಿಲ್ಲುತ್ತೆ, ಎರಡು ಪದರದ ನಡುವಿನ ಎತ್ತರ ಪೈಪುದ್ದದ 0.707 ಪಾಲು. 3 ಮೀಟರ್ ಪೈಪ್ ಹಾಕಿದ್ರೆ ಸಿಗೋ ಎತ್ತರ 2.12 ಮೀಟರ್, ಅದರಲ್ಲಿ ಪೈಪಿನ ದಪ್ಪ, ನೆಲದ ಹಲಗೆ ಎಲ್ಲ ಕಳೆದ್ರೆ ಸ್ವಲ್ಪ ಎತ್ತರದವರು ಬಗ್ಗಿಕೊಂಡೇ ಓಡಾಡ್ಬೇಕು. ಆರಾಮಾಗಿ ನಿಲ್ಲೋ ಹಾಗಾಗ್ಬೇಕು ಅಂದ್ರೆ 4.2 ಮೀಟರ್ ಪೈಪ್ ಬೇಕು, ಆಗ 2.97 ಮೀಟರ್ ಸಿಗುತ್ತೆ. ಆದ್ರೆ ಅಷ್ಟುದ್ದದ ಪೈಪ್ ಬಾಗಬಾರದು ಅಂತ ದಪ್ಪ ಮಾಡ್ಬೇಕು, ದಪ್ಪ ಆದ್ಮೇಲೆ ಇಬ್ಬರು ಕೈಯಲ್ಲಿ ಎತ್ತಿ ಜೋಡಿಸೋ ಸುಖ ಹೋಯ್ತು.

ಪ್ರಶ್ನೆ: ಹಾಗಾದ್ರೆ ಯಾರೂ ಇದರೊಳಗೆ ವಾಸ ಮಾಡೇ ಇಲ್ವಾ?

ಮಾಡಿದಾರೆ, ಆದ್ರೆ ಹೇಗೆ ಅನ್ನೋದು ಮುಖ್ಯ. ದಕ್ಷಿಣ ಧ್ರುವದಲ್ಲಿ ಅಮೆರಿಕದ ಸಂಶೋಧನಾ ಕೇಂದ್ರಕ್ಕೆ 1975ರಿಂದ ಅಲ್ಯೂಮಿನಿಯಂ ಕಡ್ಡಿಗಳನ್ನ ತ್ರಿಕೋನವಾಗಿ ಜೋಡಿಸಿದ ಒಂದು ಗುಮ್ಮಟ ಇತ್ತು, ಅಗಲ ಸುಮಾರು 50 ಮೀಟರ್, ಎತ್ತರ 16 ಮೀಟರ್. ಫೋಟೋ ನೋಡಿದವರು ಜನ ಅದರಲ್ಲೇ ಇದಾರೆ ಅಂದ್ಕೊಳ್ತಿದ್ರು. ನಿಜಕ್ಕೂ ಆ ಗುಮ್ಮಟದೊಳಗೆ ಹೀಟಿಂಗೇ ಇರಲಿಲ್ಲ! ಅದು ಗಾಳಿ, ಹಿಮ ತಡೆಯೋ ಕೊಡೆ ಅಷ್ಟೇ. ಒಳಗೆ ಮಾಮೂಲಿ ಡಬ್ಬದಂಥ ಕಟ್ಟಡಗಳಿದ್ವು, ಜನ ಇದ್ದಿದ್ದು ಅವುಗಳಲ್ಲಿ. ಈಗ ಗುಮ್ಮಟ ಬಿಚ್ಚಿದಾರೆ.

1970ರ ಒಸಾಕಾ ವಸ್ತುಪ್ರದರ್ಶನದಲ್ಲೂ ಇಂಥದ್ದೇ. ಜಪಾನಿನ ವಾಸ್ತುಶಿಲ್ಪಿ ಕೆಂಜೊ ತಾಂಗೆ ಮಾಡಿದ ಅಲ್ಲಿನ ಉತ್ಸವ ಚಾವಡಿಯ ಸ್ಪೇಸ್ ಫ್ರೇಮ್ ಛಾವಣಿ 108 ಮೀಟರ್ ಅಗಲ, 291.6 ಮೀಟರ್ ಉದ್ದ, ಒಂದೊಂದು ಚೌಕನೂ 10.8 ಮೀಟರ್. ಚೌಕ ಅಷ್ಟು ದೊಡ್ಡದಾದಾಗ ಓರೆ ಪೈಪುಗಳ ನಡುವೆನೇ ಕೋಣೆ ಇಡೋಷ್ಟು ಜಾಗ ಆಗುತ್ತೆ, ಹಾಗಾಗಿ ಇನ್ನೊಬ್ಬ ವಾಸ್ತುಶಿಲ್ಪಿ ಕಿಶೊ ಕುರೊಕಾವಾ ಅಲ್ಲಿ ಮಾದರಿ ವಾಸದ ಕ್ಯಾಪ್ಸೂಲ್ ತೂಗುಹಾಕಿದ್ರು. ಅದೇ ಪ್ರದರ್ಶನದಲ್ಲಿ ಅವರದೇ ಇನ್ನೊಂದು ಕಟ್ಟಡ ಬ್ಯೂಟಿಲಿಯನ್, ನನಗೆ ಅದೇ ಹೆಚ್ಚು ಇಷ್ಟ. ಬಗ್ಗಿಸಿದ ಪೈಪುಗಳ ಒಂದೇ ನಮೂನೆಯ ಘಟಕವನ್ನ ಮತ್ತೆ ಮತ್ತೆ ಬೋಲ್ಟ್ ಮಾಡಿ, ನಡುವಿನ ಚೌಕಗಳಿಗೆ ಕ್ಯಾಪ್ಸೂಲ್ ತುಂಬಿದ್ದು. ಅದರಲ್ಲಿ ಓರೆ ಕಡ್ಡಿನೇ ಇಲ್ಲ ಗಮನಿಸಿ. ಮೂಲೆನ ತಿರುಗದ ಹಾಗೆ ಬಿಗಿ ಮಾಡಿದ್ರಿಂದ ಚೌಕ ಚೌಕವಾಗೇ ನಿಲ್ತು. ವಾಸಕ್ಕೆ ಬೇಕು ಅಂದ್ರೆ ದಾರಿ ಇರೋದು ಆ ಕಡೆ, ಆದ್ರೆ ಮೂಲೆ ಬಾಗುಬಲ ಹೊರಬೇಕಾಗಿ ಕಬ್ಬಿಣ ಜಾಸ್ತಿ ತಿನ್ನುತ್ತೆ, ಸ್ಪೇಸ್ ಫ್ರೇಮಿನ ಹಗುರ ಹೋಗುತ್ತೆ.

ಪ್ರಶ್ನೆ: ಜಿಯೋಡೆಸಿಕ್ ಡೋಮ್, ಸ್ಪೇಸ್ ಫ್ರೇಮ್ ಎರಡೂ ಒಂದೇನಾ? ಇದನ್ನ ಕಂಡುಹಿಡಿದಿದ್ದು ಫುಲ್ಲರ್ ಅಲ್ವಾ?

ಜಿಯೋಡೆಸಿಕ್ ಡೋಮ್ ಅಂದ್ರೆ ತ್ರಿಕೋನಗಳಲ್ಲಿ ಕಟ್ಟಿದ ಗುಮ್ಮಟ, ಅದೂ ಇದೇ ಮನೆತನದ್ದು, ಬಾಗಿದ ಮೇಲ್ಮೈಯದ್ದು ಅಷ್ಟೇ. ಅಮೆರಿಕದ ವಿನ್ಯಾಸಕಾರ ಬಕ್‌ಮಿನ್‌ಸ್ಟರ್ ಫುಲ್ಲರ್‌ಗೆ ಡೋಮಿನ ಪೇಟೆಂಟ್ 1954ರಲ್ಲಿ, ಚಪ್ಪಟೆ ಫ್ರೇಮಿಂದು 1961ರಲ್ಲಿ ಸಿಕ್ತು. ಆದ್ರೆ ಟೆಲಿಫೋನ್ ಕಂಡುಹಿಡಿದ ಗ್ರಹಾಂ ಬೆಲ್ ಇದಾರಲ್ಲ, ಅವರು 1907ರಲ್ಲೇ ಕೆನಡಾದಲ್ಲಿ ಇಂಥ ಪಿರಮಿಡ್ ಘಟಕಗಳನ್ನ ಜೋಡಿಸಿ ಗೋಪುರ ನಿಲ್ಲಿಸಿದ್ರು, ಅದಕ್ಕೂ ಮುಂಚೆ ಅದೇ ಆಕಾರದಲ್ಲಿ ಗಾಳಿಪಟ ಹಾರಿಸ್ತಿದ್ರು. ಗುಂಡು-ಪೈಪಿನ ಪದ್ಧತಿನ ಕಾರ್ಖಾನೆ ಮಾಲಾಗಿ ಮಾಡಿದ್ದು ಜರ್ಮನಿಯ ಎಂಜಿನಿಯರ್ ಮೆಂಗೆರಿಂಗ್‌ಹೌಸನ್, 1940ರ ದಶಕದ ಶುರುವಲ್ಲಿ. ಮೆರೊ ಅನ್ನೋ ಹೆಸರಿನ ಅವರ ಗುಂಡಿಗೆ ಪೈಪ್ ಕೂರಿಸೋಕೆ 18 ತೂತು.

ಪ್ರಶ್ನೆ: ಸ್ಪೇಸ್ ಫ್ರೇಮಲ್ಲಿ ಒಂದು ಪೈಪ್ ಹೋದ್ರೂ ಏನೂ ಆಗಲ್ಲ, ಹೊರೆ ಪಕ್ಕದವು ಹೊತ್ಕೊಳ್ತವೆ ಅಂತಾರೆ. ಹೌದಾ?

ಅರ್ಧ ಹೌದು. 10 ಚೌಕ ಉದ್ದ 10 ಚೌಕ ಅಗಲದ ಫ್ರೇಮ್ ತಗೊಳಿ, ಮೇಲೆ 121 ಗಂಟು, ಕೆಳಗೆ 100, ಒಟ್ಟು 221, ಪೈಪು 800. ಮ್ಯಾಕ್ಸ್‌ವೆಲ್ ಲೆಕ್ಕದಲ್ಲಿ 657 ಸಾಕು, ಹಾಗಾಗಿ 143 ಹೆಚ್ಚುವರಿ ಇವೆ. ಕೇಳೋಕೆ ಚೆನ್ನಾಗಿದೆ, ಆದ್ರೆ ಹೆಚ್ಚುವರಿ ಅಂದ ಮಾತ್ರಕ್ಕೆ ಯಾವುದನ್ನ ಬೇಕಾದ್ರೂ ಕಿತ್ತು ಬಿಸಾಡಬಹುದು ಅಂತಲ್ಲ. ಕಂಬದ ತಲೆ ಹತ್ರ ಇರೋ ಓರೆ ಪೈಪು ಒಂದನ್ನ ಕಿತ್ರೆ ಪಕ್ಕದ್ದಕ್ಕೆ ಅದರ ಪಾಲೂ ಬರುತ್ತೆ, ಅದು ಒತ್ತಡದಲ್ಲಿ ಬಾಗಿದ್ರೆ ಮುಂದಿನದ್ದು, ಹೀಗೆ ಸಾಲಾಗಿ.

ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ 1978ರ ಜನವರಿ 18ರ ಬೆಳಗಿನ ಜಾವ ಆಗಿದ್ದು ಇದೇ. ಕ್ರೀಡಾಂಗಣದ ಸ್ಪೇಸ್ ಫ್ರೇಮ್ ಛಾವಣಿ ಹಿಮದ ಭಾರಕ್ಕೆ ಪೂರ್ತಿ ಕುಸೀತು, ಕೆಲವೇ ಗಂಟೆ ಮುಂಚೆ ಕೆಳಗೆ ಸಾವಿರಾರು ಜನ ಬಾಸ್ಕೆಟ್‌ಬಾಲ್ ನೋಡಿ ಎದ್ದು ಹೋಗಿದ್ರು. ಮೇಲಿನ ಪದರದ ಕಡ್ಡಿಗಳಿಗೆ ನಡುವೆ ಆಸರೆ ಇದೆ ಅಂತ ಕಂಪ್ಯೂಟರ್ ಲೆಕ್ಕ ಹಿಡಿದಿತ್ತು, ನಿಜದಲ್ಲಿ ಅಂಚಿನ ಕಡ್ಡಿಗಳಿಗೆ ಆ ಆಸರೆ ಸಿಗ್ತಾ ಇರಲಿಲ್ಲ. ಆಸರೆ ಇಲ್ಲ ಅಂದ್ರೆ ಕಡ್ಡಿ ಎರಡರಷ್ಟು ಉದ್ದ ಆದ ಹಾಗೆ, ಉದ್ದ ಎರಡರಷ್ಟಾದ್ರೆ ಬಾಗದೆ ತಡೆಯೋ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತೆ. ಕಟ್ಟೋವಾಗ್ಲೇ ಛಾವಣಿ ಲೆಕ್ಕಕ್ಕಿಂತ ಜಾಸ್ತಿ ಜಗ್ಗಿದ್ದು ಅಳತೆಯಲ್ಲಿ ಕಂಡಿತ್ತು, ಆದ್ರೂ ಮುಂದುವರಿಸಿದ್ರು. ನನಗೆ ಸಿಟ್ಟು ಬರೋದು ಅಲ್ಲೇ.

ಪ್ರಶ್ನೆ: ತೋಟದಲ್ಲಿ ಒಂದು ವಿಶ್ರಾಂತಿ ಕೋಣೆ ಹೀಗೆ ಕಟ್ಟಿಸ್ಬೇಕು ಅಂತಿದೀನಿ, ಮೇಲೆ ಸ್ಪೇಸ್ ಫ್ರೇಮ್, ಕೆಳಗೆ ಗೋಡೆ. ಬೆಂಕಿ, ಮಳೆ ಬಿಟ್ಟು ಇನ್ನೇನು ನೋಡ್ಕೋಬೇಕು?

ಬೆಂಕಿ ಮಳೆ ಬಿಡೋ ಹಾಗಿಲ್ಲ, ಅವೇ ದೊಡ್ಡವು. ಉಕ್ಕು 550-600 ಡಿಗ್ರಿ ಬರೋಷ್ಟರಲ್ಲಿ ಹೆಚ್ಚುಕಮ್ಮಿ ಅರ್ಧ ಬಲ ಕಳ್ಕೊಳ್ಳುತ್ತೆ, ತೆಳು ಪೈಪ್ ಆ ಬಿಸಿಗೆ ಬೇಗ ಮುಟ್ಟುತ್ತೆ. ಮಾಂಟ್ರಿಯಲ್‌ನ ಫುಲ್ಲರ್ ಡೋಮ್, 76 ಮೀಟರ್ ವ್ಯಾಸದ್ದು, 1976ರಲ್ಲಿ ರಿಪೇರಿ ಕೆಲಸದ ವೆಲ್ಡಿಂಗ್ ಕಿಡಿಗೆ ಹತ್ಕೊಂಡು ಉರೀತು, ಆದ್ರೆ ಫ್ರೇಮ್ ಉಳೀತಲ್ಲ ಅಂತ ಕೆಲವರು ವಾದ ಮಾಡ್ತಾರೆ. ಉರಿದಿದ್ದು ಹೊರಗಿನ ಅಕ್ರಿಲಿಕ್ ಹೊದಿಕೆ, ಬೇಗ ಮುಗಿದುಹೋಯ್ತು. ಮನೆಯಲ್ಲಿ ಹಾಸಿಗೆ, ಬಟ್ಟೆ, ಮರ ಎಲ್ಲ ತುಂಬಾ ಹೊತ್ತು ಉರಿಯುತ್ತೆ. ಹಾಗಾಗಿ ಬಿಸಿಗೆ ಉಬ್ಬೋ ಪೇಂಟ್ ಹೊಡೆಸಿ ಅಥವಾ ಬೆಂಕಿ ತಡೆಯೋ ಹಲಗೆಯ ಫಾಲ್ಸ್ ಸೀಲಿಂಗ್ ಕೊಡಿಸಿ. ಮಳೆಗೆ, ಫ್ರೇಮಿನ ಆಕಾರಕ್ಕೆ ತಕ್ಕ ಹಾಗೆ ತ್ರಿಕೋನ ತ್ರಿಕೋನ ಹೊದಿಕೆ ಹಾಕೋ ಚಪಲ ಬೇಡ, ಜೋಡಣೆ ಜಾಸ್ತಿ ಆದಷ್ಟೂ ಸೋರೋ ಜಾಗ ಜಾಸ್ತಿ. ಗುಂಡುಗಳ ಮೇಲೆ ಗಿಡ್ಡ ಕಾಲು ಕೊಟ್ಟು ಪರ್ಲಿನ್, ಅಂದ್ರೆ ಶೀಟ್ ಹೊರೋ ಅಡ್ಡಪಟ್ಟಿ ಹಾಕಿ ಮಾಮೂಲಿ ಇಳಿಜಾರಿನ ಶೀಟ್ ಹೊದಿಸಿ. ಪೈಪು ಗೋಡೆ ದಾಟಿ ಹೊರಗೆ ಚಾಚೋ ಹಾಗಿದ್ರೆ ಹೊರಗಿನ ಚಳಿ ಅದರ ಮೂಲಕವೇ ಒಳಗೆ ಬಂದು ಪೈಪ್ ಮೇಲೆ ನೀರು ಬೆವರುತ್ತೆ, ಅದನ್ನೂ ಸೋರಿಕೆ ಅಂತ ತಿಳ್ಕೊಂಡು ತಿಂಗಳುಗಟ್ಟಲೆ ತೂತು ಹುಡುಕಿದವರನ್ನ ನೋಡಿದೀನಿ.

ಫ್ಯಾನು, ಲೈಟು, ಏನೇ ತೂಗುಹಾಕಿದ್ರೂ ಗುಂಡಿಗೆ ಹಾಕಿ, ಪೈಪಿನ ನಡುಮಧ್ಯಕ್ಕೆ ಬೇಡ. ಪೈಪ್ ಲೆಕ್ಕ ಮಾಡಿರೋದು ಉದ್ದಕ್ಕೂ ಎಳೆಯೋಕೆ ಒತ್ತೋಕೆ ಮಾತ್ರ, ನಡುವೆ ಜಗ್ಗೋಕಲ್ಲ. ಒಮ್ಮೆ ನಾನು ನೋಡ್ಕೊಳ್ತಿದ್ದ ಒಂದು ಕೆಲಸದಲ್ಲೇ ಎಲೆಕ್ಟ್ರಿಷಿಯನ್ ಕೈಗೆಟಕಿದ ಪೈಪಿಗೆಲ್ಲ ಕ್ಲಾಂಪ್ ಹಾಕಿ ಹೋಗಿದ್ದ, ನಾನು ನೋಡೋಷ್ಟರಲ್ಲಿ ಎರಡು ಪೈಪ್ ಕಣ್ಣಿಗೇ ಕಾಣೋ ಹಾಗೆ ಬಿಲ್ಲಾಗಿದ್ವು. ಮೊದಲೇ ಹೇಳದಿದ್ದದ್ದು ನನ್ನದೇ ತಪ್ಪು.

ಕೊನೆಗೆ, ಜೋಡಿಸೋ ದಿನ ನೀವೇ ಹೋಗಿ ನಿಂತ್ಕೊಳಿ. ಪೈಪಿನ ತುದಿಲಿ ಬೋಲ್ಟ್ ಒಳಗೆ ಅಡಗಿರುತ್ತೆ, ಹೊರಗೆ ಆರು ಮೂಲೆಯ ಸ್ಲೀವ್ ಒಂದಿರುತ್ತೆ. ಸ್ಪ್ಯಾನರ್ ಹಾಕಿ ಸ್ಲೀವ್ ತಿರುಗಿಸಿದ್ರೆ ಒಂದು ಸಣ್ಣ ಪಿನ್ ಮೂಲಕ ಬೋಲ್ಟ್ ತಿರುಗಿ ಗುಂಡಿನೊಳಗೆ ಹೋಗುತ್ತೆ. ಕೆಲವು ಸಲ ಬೋಲ್ಟ್ ಅರ್ಧಕ್ಕೇ ನಿಂತಿರುತ್ತೆ, ಆದ್ರೆ ಸ್ಲೀವ್ ಗಟ್ಟಿಯಾಗಿ ಕೂತ ಹಾಗೆ ಕಾಣುತ್ತೆ. ಒತ್ತಡದ ಪೈಪಲ್ಲಿ ಇದು ವರ್ಷಗಟ್ಟಲೆ ಗೊತ್ತೇ ಆಗಲ್ಲ, ಯಾಕಂದ್ರೆ ಒತ್ತಡ ಹೋಗೋದು ಸ್ಲೀವ್ ಮೂಲಕ, ಬೋಲ್ಟಿಗೆ ಕೆಲಸನೇ ಇಲ್ಲ. ಯಾವತ್ತೋ ಜೋರು ಗಾಳಿ ಹಗುರ ಛಾವಣಿನ ಮೇಲಕ್ಕೆ ಎತ್ತಿದಾಗ ಅದೇ ಪೈಪ್ ಎಳೆತಕ್ಕೆ ತಿರುಗುತ್ತೆ, ಆಗ ಹಿಡಿಯೋಕಿರೋದು ಆ ಅರ್ಧ ಬೋಲ್ಟ್ ಮಾತ್ರ. ಪಿನ್ ಸ್ಲೀವಿನಲ್ಲಿರೋ ತನ್ನ ಸೀಳಿನ ಕೊನೇವರೆಗೂ ಸರಿದಿದ್ಯಾ ಅಂತ ಒಂದೊಂದು ತುದಿನೂ ನೋಡಿಸಿ, ನೋಡಿದ್ದಕ್ಕೆ ಪೇಂಟಲ್ಲಿ ಚುಕ್ಕೆ ಇಡಿಸಿ, ಚುಕ್ಕೆ ಇಲ್ಲದ ತುದಿ ಒಂದಿದ್ರೂ ಶೀಟ್ ಹೊದಿಸೋಕೆ ಬಿಡ್ಬೇಡಿ.