ಓದುಗರ ಪ್ರಶ್ನೆ: ಕಡಲಿನ ಅನಿಲ ಬಾವಿಗೆ ಬಿರಡೆ

ಪ್ರಶ್ನೆ: ಕಡಲಿನಲ್ಲಿ ಅನಿಲ ಬತ್ತಿದ ಬಾವಿಯ ವಾಲ್ವ್ ತಿರುಗಿಸಿ ಬಂದರೆ ಸಾಲದೇ? ಸಿಮೆಂಟ್ ಯಾಕೆ?

ಉತ್ತರ: ಸಾಲದು. ವಾಲ್ವಿನ ಸೀಲು ಸವೆಯುತ್ತದೆ, ಉಕ್ಕು ತುಕ್ಕು ಹಿಡಿಯುತ್ತದೆ. ‘ಬತ್ತಿದ’ ಪದರದಲ್ಲಾದರೋ ಒತ್ತಡ ವರ್ಷಗಟ್ಟಲೆ ಮೆಲ್ಲಗೆ ಏರುತ್ತಿರಬಹುದು. ಅನಿಲವನ್ನು ಅಷ್ಟು ಕಾಲ ಹಿಡಿದಿಟ್ಟಿದ್ದ ಅಭೇದ್ಯ ಶಿಲೆಯ ಮಟ್ಟದಲ್ಲೇ ಬಿರಡೆ ಕೂರಬೇಕು. ಬ್ರಿಟನ್ನಿನ ರೂಢಿಯಂತೆ ಒಂದೊಂದು ತಡೆಗೂ ಕನಿಷ್ಠ 30 ಮೀಟರ್ ಗಟ್ಟಿ ಸಿಮೆಂಟ್ ಬೇಕು.

ಕೊಳವೆಯೊಳಗೆ ತುಂಬುವುದು ಸುಲಭದ ಭಾಗ. ಹಳೆಯ ಬಾವಿ ಕೈಕೊಡುವುದು ಕೇಸಿಂಗ್ (ಬಾವಿಯ ಗೋಡೆಗೆ ಆಸರೆಯಾದ ಉಕ್ಕಿನ ಹೊರಕೊಳವೆ) ಮತ್ತು ಬಂಡೆಯ ನಡುವಿನ ಸಂದಿಯಲ್ಲಿ. ಧ್ವನಿತರಂಗದ ಲಾಗ್ (ಬಾವಿಯೊಳಗೆ ಉಪಕರಣ ಇಳಿಸಿ ಮಾಡುವ ಅಳತೆ) ಓಡಿಸಿದಾಗ ಅಲ್ಲಿನ ಸಿಮೆಂಟ್ ಟೊಳ್ಳೆಂದು ಕಂಡರೆ ಕೇಸಿಂಗಿಗೆ ರಂಧ್ರ ಹೊಡೆದು, ಸಂದಿ ತೊಳೆದು, ಹೊಸದಾಗಿ ತುಂಬಬೇಕು. ಇಲ್ಲವೇ ಆ ಭಾಗದ ಉಕ್ಕನ್ನೇ ಅರೆದು ತೆಗೆಯಬೇಕು. ಖರ್ಚು, ಸಮಯ ಎರಡನ್ನೂ ನುಂಗುವ ಹಂತ ಇದು.

ಸಾಮಾನ್ಯ ಎಡವಟ್ಟುಗಳು ಮೂರು. ಗೋಡೆಗೆ ಅಂಟಿದ ಕೊರೆತದ ಕೆಸರನ್ನು ಸ್ಪೇಸರ್ ದ್ರವದಿಂದ (ಸಿಮೆಂಟಿಗೆ ಮುಂಚೆ ಹರಿಸುವ ದ್ರವ) ತೊಳೆಯದಿದ್ದರೆ ಸಿಮೆಂಟ್ ಹಿಡಿಯುವುದಿಲ್ಲ. ಕೆಳಗೆ ಯಾಂತ್ರಿಕ ಪ್ಲಗ್ಗಿನ ಆಸರೆ ಇಲ್ಲದೆ ಸುರಿದರೆ ಭಾರದ ಸ್ಲರಿ (ಇನ್ನೂ ಗಟ್ಟಿಯಾಗದ ಸಿಮೆಂಟ್ ಕಲಸು) ಹಗುರ ದ್ರವದೊಳಗೆ ಜಾರಿ ಕಲಸಿಹೋಗುತ್ತದೆ. ಮೂರನೆಯದು ಅನಿಲ ಬಾವಿಯ ವಿಶೇಷ ಕಾಟ: ಗಟ್ಟಿಯಾಗುವ ಹೊತ್ತಿನಲ್ಲಿ ಸ್ಲರಿ ತನ್ನ ಒತ್ತುಬಲ ಕಳೆದುಕೊಳ್ಳುತ್ತದೆ, ಆ ಸಂದು ನೋಡಿ ಅನಿಲ ನುಸುಳಿ ಶಾಶ್ವತ ದಾರಿ ಕೊರೆದುಕೊಳ್ಳುತ್ತದೆ. ಅದಕ್ಕೇ ಅನಿಲ ತಡೆಯುವ ಮಿಶ್ರಕ ಸೇರಿಸುತ್ತಾರೆ. ಗಟ್ಟಿಯಾದ ಮೇಲೆ ಕೊಳವೆಯ ಭಾರ ಹೇರಿಯೂ ಒತ್ತಡ ಕೊಟ್ಟೂ ಪರೀಕ್ಷಿಸುತ್ತಾರೆ.

ಕೊನೆಗೆ ಕೇಸಿಂಗನ್ನು ಕಡಲತಳದಿಂದ ಸುಮಾರು 3 ಮೀಟರ್ ಕೆಳಗೆ ಕತ್ತರಿಸುವುದು. ಸ್ಫೋಟಕದಿಂದ ಕತ್ತರಿಸಿದರೆ ಅದರ ಆಘಾತ ತಿಮಿಂಗಿಲ, ಡಾಲ್ಫಿನ್‌ಗಳ ಕಿವಿಗೆ ಅಪಾಯ. ಮರಳು ಬೆರೆಸಿದ ನೀರಿನ ಜೆಟ್ ವಾಸಿ.

ಪ್ರಶ್ನೆ: ಕಡಲಲ್ಲಿ ನಿಂತ ಅನಿಲ ವೇದಿಕೆಯ ಉಕ್ಕಿನ ಕಾಲುಗಳನ್ನು ಮೀನುಗಳಿಗೇ ಬಿಡಬಾರದೇ?

ಉತ್ತರ: ಎಲ್ಲೆಡೆ ಬಿಡುವಂತಿಲ್ಲ. ಈಶಾನ್ಯ ಅಟ್ಲಾಂಟಿಕ್‌ನಲ್ಲಿ 1998ರ ಓಸ್ಪಾರ್ (ಆ ಕಡಲಿನ ರಕ್ಷಣೆಗಾಗಿ ದೇಶಗಳು ಮಾಡಿಕೊಂಡ ಒಪ್ಪಂದ) ನಿರ್ಣಯದ ಪ್ರಕಾರ ತೆಗೆಯುವುದೇ ನಿಯಮ, ಬಿಡುವುದು ಅಪವಾದ. ಅಂತರರಾಷ್ಟ್ರೀಯ ಕಡಲ ಸಂಸ್ಥೆಯ 1989ರ ಮಾರ್ಗಸೂಚಿಯಂತೆ, ಭಾಗಶಃ ಉಳಿಸಿದರೂ ಅದರ ಮೇಲೆ ಹಡಗು ಸಾಗಲು 55 ಮೀಟರ್ ತೆರವಾದ ನೀರಿರಬೇಕು.

ಪ್ರಶ್ನೆ: ವೇದಿಕೆ, ಕೊಳವೆಗಳನ್ನು ಬಿಚ್ಚುವಾಗ ನಿಜವಾದ ವಿಷ ಎಲ್ಲಿ?

ಉತ್ತರ: ಕೊಳವೆಗಳ ಒಳಮೈಯಲ್ಲಿ. ಕೆಲವು ಕ್ಷೇತ್ರಗಳ ಅನಿಲದಲ್ಲಿ ಪಾದರಸವಿದ್ದು, ಅದು ಉಕ್ಕಿಗೆ ಹತ್ತಿಕೊಂಡಿರುತ್ತದೆ. ಹೇಳದೆ ಕುಲುಮೆಗೆ ಕಳಿಸಿದರೆ ಆವಿಯಾಗಿ ಹಾರುತ್ತದೆ. ಕಬ್ಬಿಣದ ಸಲ್ಫೈಡ್ ಪುಡಿ ಒಣಗಿ ಗಾಳಿ ತಗುಲಿದರೆ ತಾನೇ ಹೊತ್ತಿಕೊಳ್ಳುತ್ತದೆ, ಅದನ್ನು ಒದ್ದೆಯಾಗಿಯೇ ಇಡಬೇಕು. ವಿಕಿರಣಶೀಲ ಸೀಸ-210ರ ತೆಳು ಪದರವನ್ನು ಹೊರಗಿನಿಂದ ಹಿಡಿದ ವಿಕಿರಣ ಮಾಪಕ ಕಾಣದೇ ಹೋಗಬಹುದು. ತೆರೆದು ಒಳಮೈಯನ್ನೇ ಅಳೆಯಬೇಕು.